ಹೊಲಿಗೆ ಹಾಕಿದ ಗಾಯಕ್ಕೆ ಮೂವತ್ತು ದಿನದ ಕಾವಲು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಯಾರಿಗಾದರೂ ಆಪರೇಷನ್ ಆಗಬೇಕೆಂದರೆ ಮೊದಲು ಚರ್ಚೆಗೆ ಬರುವುದು ಊರು. ಇಲ್ಲೇ ಮಾಡಿಸುವುದೋ, ಹುಬ್ಬಳ್ಳಿಗೆ ಹೋಗುವುದೋ, ಶಿವಮೊಗ್ಗವೋ, ಮಣಿಪಾಲವೋ? ಆಮೇಲೆ ಖರ್ಚಿನ ಲೆಕ್ಕ. ಆಸ್ಪತ್ರೆಯಲ್ಲಿ ಜೊತೆಗೆ ಉಳಿಯುವವರು ಯಾರು, ಮನೆಯಲ್ಲಿ ದನ ಕರೆಯುವವರು ಯಾರು, ತೋಟದ ಕೆಲಸ ನೋಡುವವರು ಯಾರು ಎಂಬುದೆಲ್ಲ ತೀರ್ಮಾನವಾಗುತ್ತದೆ. ಆದರೂ ಒಂದು ಪ್ರಶ್ನೆ ಹೆಚ್ಚಿನ ಮನೆಗಳಲ್ಲಿ ಉಳಿದೇಬಿಡುತ್ತದೆ: ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಗಾಯ ನೋಡಿಕೊಳ್ಳುವವರು ಯಾರು, ಹೇಗೆ?

ಈ ಪ್ರಶ್ನೆ ಏಕೆ ಮುಖ್ಯ ಎಂಬುದಕ್ಕೆ ನಮ್ಮ ದೇಶದ್ದೇ ಪುರಾವೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೆಹಲಿಯ ಏಮ್ಸ್‌ನ ಅಪಘಾತ ಚಿಕಿತ್ಸಾ ಕೇಂದ್ರ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಮತ್ತು ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜುಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಅಧ್ಯಯನ ಮಾಡಿತು. ಅವರಲ್ಲಿ ಶೇ 5.2ರಷ್ಟು ಜನರ ಗಾಯ ಸೋಂಕಿಗೆ ಒಳಗಾಗಿತ್ತು. ಆ ಸೋಂಕುಗಳಲ್ಲಿ ಸುಮಾರು ಮೂರನೇ ಎರಡು ಪಾಲು ಪತ್ತೆಯಾದದ್ದು ರೋಗಿಗಳು ಮನೆ ಸೇರಿದ ಮೇಲೆ, ಅವರನ್ನು ಬಿಡದೆ ವಿಚಾರಿಸಿದ್ದರಿಂದ. ಅಂದರೆ ಆಸ್ಪತ್ರೆಯ ಬಾಗಿಲು ದಾಟಿದಾಗ ಗಾಯದ ಆಪತ್ತು ಮುಗಿದಿರುವುದಿಲ್ಲ. ಅದು ಕಣ್ಣಿಗೆ ಕಾಣಿಸಿಕೊಳ್ಳುವುದು ಎಷ್ಟೋ ಸಲ ನಮ್ಮ ಮನೆಯ ಜಗಲಿಯಲ್ಲೇ.

ವೈದ್ಯರ ಲೆಕ್ಕದಲ್ಲಿ ಆಪರೇಷನ್ ಆದ 30 ದಿನಗಳೊಳಗೆ ಗಾಯದ ಜಾಗದಲ್ಲಿ ಬರುವ ಸೋಂಕು ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದು. ಮೂಳೆಗೆ ರಾಡು, ಪ್ಲೇಟು ಹಾಕಿದ್ದರೆ ಅಥವಾ ಕೃತಕ ಕೀಲು ಜೋಡಿಸಿದ್ದರೆ ಈ ಅವಧಿ 90 ದಿನ. ಆದ್ದರಿಂದ ಈ ಲೇಖನ ಹೇಳಲು ಹೊರಟಿರುವುದು ಇಷ್ಟು: ಆಪರೇಷನ್ನಿನ ದಿನ ಗೊತ್ತುಮಾಡುವಾಗಲೇ ಆಮೇಲಿನ ಮೂವತ್ತು ದಿನಗಳನ್ನೂ ಗೊತ್ತುಮಾಡಿಕೊಳ್ಳಿ. ಘಟ್ಟ, ಮಳೆ, ದೂರ ಮೂರೂ ಇರುವ ನಮ್ಮ ಸೀಮೆಯಲ್ಲಿ ಇದು ಇನ್ನೂ ಹೆಚ್ಚು ಅಗತ್ಯ.

ಸೋಂಕು ಬರುವುದು ಎಲ್ಲಿಂದ?

ಗಾಯ ಕೆಟ್ಟರೆ ಎಲ್ಲರೂ ಮೊದಲು ದೂರುವುದು ಆಪರೇಷನ್ ಥಿಯೇಟರನ್ನು. ಉಪಕರಣ, ಗಾಳಿ, ಸಿಬ್ಬಂದಿಯ ಕೈ ಇವೆಲ್ಲ ಕಾರಣವಾಗಬಲ್ಲವು, ನಿಜ. ಆದರೆ ಬಹುಪಾಲು ರೋಗಾಣುಗಳು ಬರುವುದು ರೋಗಿಯ ಮೈಯಿಂದಲೇ. ಚರ್ಮದ ಮೇಲೂ ಮೂಗಿನೊಳಗೂ ಇರುವ ಸ್ಟೆಫಿಲೊಕಾಕಸ್ ಔರಿಯಸ್, ಕರುಳಿನಲ್ಲಿರುವ ಇ-ಕೊಲೈ, ಕ್ಲೆಬ್ಸಿಯೆಲ್ಲಾ ಇಂಥವು ತಮ್ಮ ಜಾಗದಲ್ಲಿ ಇರುವಷ್ಟು ದಿನ ತೊಂದರೆ ಕೊಡುವುದಿಲ್ಲ. ಚರ್ಮ ಕೊಯ್ದ ಮೇಲೆ ಒಳಗಿಳಿದರೆ ಕೀವಾಗುತ್ತದೆ.

1865ರಲ್ಲಿ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರು ಗಾಡಿ ಹರಿದು ಕಾಲಿನ ಮೂಳೆ ಹೊರಬಂದಿದ್ದ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಪಟ್ಟಿ ಕಟ್ಟಿ ಕಾಲನ್ನು ಉಳಿಸಿದರು. ಅಂಥ ಗಾಯಕ್ಕೆ ಆಗಿನ ಕಾಲದಲ್ಲಿ ಕಾಲು ಕತ್ತರಿಸುವುದೇ ಚಿಕಿತ್ಸೆಯಾಗಿತ್ತು. ಕೀವು ವಿಧಿಯಲ್ಲ, ಅದನ್ನು ತಡೆಯಬಹುದು ಎಂಬ ತಿಳಿವಳಿಕೆ ವೈದ್ಯಲೋಕದಲ್ಲಿ ಬೇರೂರಿದ್ದು ಆಮೇಲೆ. ಇಂದಿಗೂ ಅದೇ ತತ್ವ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಗಾಯದ ಸೋಂಕು ತಡೆಯಲು 29 ಶಿಫಾರಸುಗಳಿವೆ. ಅವುಗಳಲ್ಲಿ ಕೆಲವು ರೋಗಿಯೂ ಮನೆಯವರೂ ಮನಸ್ಸು ಮಾಡಿದರೆ ಮಾತ್ರ ಆಗುವಂಥವು.

ಆಪರೇಷನ್ನಿಗೆ ಮುಂಚೆ

*ಸಕ್ಕರೆ ಹತೋಟಿಗೆ ಬರಲಿ.* ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ರೋಗಾಣುಗಳ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಸೋಲುತ್ತವೆ, ಗಾಯ ಕೂಡುವುದು ನಿಧಾನವಾಗುತ್ತದೆ. ಹರ್ನಿಯಾದಂಥ ತುರ್ತಿಲ್ಲದ ಆಪರೇಷನ್ ಆದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು 8ಕ್ಕಿಂತ ಮೇಲಿದ್ದರೆ ಅನೇಕ ವೈದ್ಯರು ಸಕ್ಕರೆ ಇಳಿಸಿಕೊಂಡು ಬರಲು ಹೇಳುತ್ತಾರೆ. ಅದಕ್ಕೆ ಬೇಸರ ಬೇಡ, ಒಪ್ಪಿಕೊಳ್ಳಿ. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಗೊತ್ತೇ ಇಲ್ಲದವರು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ. ಒಮ್ಮೆಯೂ ಪರೀಕ್ಷೆ ಮಾಡಿಸದೆ ಆಪರೇಷನ್ ಮೇಜಿಗೆ ಹೋಗಬೇಡಿ.

*ಕವಳದ ಸಂಚಿಯನ್ನು ದೂರವಿಡಿ.* ಬೀಡಿ, ಸಿಗರೇಟು ಬಿಡಬೇಕೆಂದು ಎಲ್ಲರಿಗೂ ಗೊತ್ತು. ಆದರೆ ಕವಳದ ತಂಬಾಕನ್ನು ನಮ್ಮ ಕಡೆ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ವೈದ್ಯರು ಕೇಳಿದರೂ ಚಟವೇನೂ ಇಲ್ಲ ಎಂದುಬಿಡುತ್ತಾರೆ. ತಂಬಾಕಿನ ನಿಕೊಟಿನ್ ಹೊಗೆಯ ಮೂಲಕ ಹೋದರೂ ಬಾಯಿಯಿಂದ ಇಳಿದರೂ ರಕ್ತಕ್ಕೇ ಸೇರುತ್ತದೆ, ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಗಾಯದ ಅಂಚಿಗೆ ರಕ್ತವೇ ಸಾಲದಿದ್ದರೆ ಅದು ಕೂಡುವುದಾದರೂ ಹೇಗೆ? ಕನಿಷ್ಠ ನಾಲ್ಕು ವಾರ ಮೊದಲು ನಿಲ್ಲಿಸುವುದು ಒಳ್ಳೆಯದು. ಹೊಲಿಗೆ ಪೂರ್ತಿ ಮಾಯುವ ತನಕ ಮತ್ತೆ ಮುಟ್ಟಬಾರದು.

*ಮೈಮೇಲಿನ ಬೇರೆ ಹುಣ್ಣುಗಳನ್ನು ತೋರಿಸಿ.* ಮಳೆಗಾಲದಲ್ಲಿ ಕೆಸರಿನಲ್ಲಿ ಓಡಾಡಿ ಕಾಲ್ಬೆರಳ ಸಂದಿ ಕೊಳೆತಿರಬಹುದು. ಉಂಬಳ ಕಚ್ಚಿದ ಜಾಗ ತುರಿಸಿ ತುರಿಸಿ ಹುಣ್ಣಾಗಿರಬಹುದು. ಹಲ್ಲಿನ ಬುಡದಲ್ಲಿ ಕೀವು, ಉರಿಮೂತ್ರ, ಕುರು ಇವೆಲ್ಲ ಸಣ್ಣ ವಿಷಯ ಎನ್ನಿಸಬಹುದು. ಆದರೆ ಮೈಯಲ್ಲಿ ಎಲ್ಲೇ ಸೋಂಕಿದ್ದರೂ ಹೊಸ ಗಾಯಕ್ಕೆ ಅದು ಅಪಾಯ. ಮೊದಲು ಅದನ್ನು ವಾಸಿ ಮಾಡಿಕೊಳ್ಳಬೇಕು.

*ಕೂದಲು ನೀವೇ ಬೋಳಿಸಬೇಡಿ.* ಆಪರೇಷನ್ ಜಾಗದ ಕೂದಲನ್ನು ಹಿಂದಿನ ರಾತ್ರಿಯೇ ಬ್ಲೇಡಿನಿಂದ ತೆಗೆದು ಸಿದ್ಧರಾಗಿ ಬರುವವರಿದ್ದಾರೆ. ಇದು ಒಳ್ಳೆಯ ಉದ್ದೇಶದಿಂದ ಆಗುವ ಕೆಡುಕು. ಬ್ಲೇಡು ಕಣ್ಣಿಗೆ ಕಾಣದ ಗೀರುಗಳನ್ನು ಬಿಡುತ್ತದೆ, ಅವುಗಳಲ್ಲಿ ರಾತ್ರಿಯಿಡೀ ರೋಗಾಣು ಬೆಳೆಯುತ್ತದೆ. ಕೂದಲನ್ನು ಹಾಗೇ ಬಿಡಬೇಕು, ತೆಗೆಯಲೇಬೇಕಾದರೆ ಕ್ಲಿಪ್ಪರ್ ಯಂತ್ರದಿಂದ ಮಾತ್ರ ಕತ್ತರಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಪಷ್ಟ ಸೂಚನೆ.

*ಸೋಪು ಹಚ್ಚಿ ಸ್ನಾನ ಮಾಡಿ.* ಹಿಂದಿನ ದಿನವೋ ಆ ದಿನ ಬೆಳಿಗ್ಗೆಯೋ ಮೈತುಂಬ ಸೋಪು ಹಚ್ಚಿ ಸ್ನಾನ ಮಾಡಬೇಕು. ಸಾದಾ ಸೋಪು ಸಾಕು. ಹೊಕ್ಕುಳು, ಕಂಕುಳು, ತೊಡೆಸಂದಿ ಮರೆಯಬೇಡಿ. ಉಗುರು ಕತ್ತರಿಸಿ, ಉಂಗುರ ಬಳೆ ತೆಗೆದಿಡಿ. ಆಮೇಲೆ ಎಣ್ಣೆ, ಪೌಡರು ಹಚ್ಚದೆ ಒಗೆದು ಒಣಗಿದ ಬಟ್ಟೆ ಹಾಕಿಕೊಳ್ಳಿ.

*ಕಾಲ ನೋಡಿ ದಿನ ಗೊತ್ತುಮಾಡಿ.* ವೈದ್ಯರು ತಡವಾದರೂ ಅಡ್ಡಿಯಿಲ್ಲ ಎಂದರೆ ಮಾತ್ರ ಈ ಮಾತು. ಅಡಿಕೆ ಕೊಯ್ಲಿನ ನಡುವೆ ಆಪರೇಷನ್ ಮಾಡಿಸಿಕೊಂಡವರು ಹೊಲಿಗೆ ಬಿಚ್ಚುವ ಮೊದಲೇ ಅಂಗಳಕ್ಕಿಳಿದುಬಿಡುತ್ತಾರೆ. ಜುಲೈ, ಆಗಸ್ಟ್ ಮಳೆಯಲ್ಲಾದರೆ ಬಟ್ಟೆ ಒಣಗುವುದಿಲ್ಲ, ದಾರಿ ನಂಬುವಂತಿಲ್ಲ. ಎರಡೂ ಇಲ್ಲದ ತಿಂಗಳು ಸಿಕ್ಕಿದರೆ ಗಾಯಕ್ಕೆ ಒಳ್ಳೆಯದು. ಅಪೆಂಡಿಕ್ಸ್, ಕರುಳಿನ ಅಡಚಣೆ, ಮುರಿದ ಮೂಳೆ ಇಂಥವಕ್ಕೆ ಈ ಲೆಕ್ಕಾಚಾರ ಸಲ್ಲದು, ಹೇಳಿದ ಕೂಡಲೇ ಮಾಡಿಸಬೇಕು.

ಆಸ್ಪತ್ರೆಯಲ್ಲಿ ಇರುವಾಗ

ಸೋಂಕು ತಡೆಯಲು ಕೊಡುವ ಆಂಟಿಬಯೋಟಿಕ್ ಇಂಜೆಕ್ಷನ್ ಕೆಲಸ ಮಾಡಬೇಕಾದರೆ ಕೊಯ್ಯುವುದಕ್ಕೆ ಮುಂಚಿನ ಎರಡು ಗಂಟೆಯೊಳಗೆ ಮೈಗೆ ಸೇರಿರಬೇಕು. ಕತ್ತಿ ಚರ್ಮಕ್ಕೆ ತಾಗುವಾಗ ಔಷಧ ರಕ್ತದಲ್ಲಿ ಸಿದ್ಧವಾಗಿರಬೇಕು ಎಂಬುದೇ ಇದರ ಗುಟ್ಟು. ಶುದ್ಧವಾಗಿ ನಡೆದ ಆಪರೇಷನ್ ಮುಗಿದ ಮೇಲೆ ತಡೆಗೆಂದು ದಿನಗಟ್ಟಲೆ ಅದನ್ನೇ ಮುಂದುವರಿಸುವುದರಿಂದ ಲಾಭವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಡಾಕ್ಟರು ಮಾತ್ರೆ ಕಡಿಮೆ ಬರೆದರೆ ಉದಾಸೀನ ಮಾಡಿದರೆಂದು ತಿಳಿಯಬೇಡಿ. ಮೊದಲೇ ಕೀವಾಗಿದ್ದರೆ, ಅಪೆಂಡಿಕ್ಸ್ ಒಡೆದಿದ್ದರೆ ಮಾತು ಬೇರೆ. ಆಗ ಅದು ತಡೆಯಲ್ಲ, ಚಿಕಿತ್ಸೆ. ಅದು ಹೇಳಿದಷ್ಟು ದಿನವೂ ನಡೆಯಬೇಕು.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಂಶಗಳ ಒಂದು ಸುರಕ್ಷತಾ ಪಟ್ಟಿ ಸಿದ್ಧಪಡಿಸಿತು. ರೋಗಿ ಯಾರು, ಯಾವ ಜಾಗದ ಆಪರೇಷನ್, ಆಂಟಿಬಯೋಟಿಕ್ ಕೊಟ್ಟಾಯಿತೇ, ಉಪಕರಣ ಶುದ್ಧವಾಗಿದೆಯೇ ಎಂಬುದನ್ನು ತಂಡದವರೆಲ್ಲ ಗಟ್ಟಿಯಾಗಿ ಹೇಳಿ ಖಾತ್ರಿ ಮಾಡಿಕೊಳ್ಳುವ ಕ್ರಮ ಅದು. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಅದನ್ನು ಪರೀಕ್ಷಿಸಿದಾಗ ಗಾಯದ ಸೋಂಕು ಶೇ 6.2ರಿಂದ 3.4ಕ್ಕೆ, ಸಾವು ಶೇ 1.5ರಿಂದ 0.8ಕ್ಕೆ ಇಳಿಯಿತು. ಹೊಸ ಯಂತ್ರವಿಲ್ಲದೆ, ಕ್ರಮಬದ್ಧವಾಗಿ ಕೇಳಿಕೊಳ್ಳುವುದರಿಂದಲೇ ಸಿಕ್ಕ ಫಲ ಇದು.

ಮನೆಯವರ ಪಾಲಿನ ಕೆಲಸವೂ ಇದೆ. ನಮ್ಮ ಊರುಗಳಲ್ಲಿ ಆಸ್ಪತ್ರೆಯಲ್ಲಿರುವವರನ್ನು ಹೋಗಿ ನೋಡದಿದ್ದರೆ ಮಾತು ಬರುತ್ತದೆ. ಪ್ರೀತಿಯಿಂದಲೇ ಬರುತ್ತಾರೆ, ಆದರೆ ಜೀಪು ತುಂಬ ಜನ ಒಟ್ಟಿಗೆ ಬಂದು ಮಂಚದ ಮೇಲೆ ಕುಳಿತರೆ ಗಾಯಕ್ಕೆ ಕಷ್ಟ. ಒಬ್ಬಿಬ್ಬರು ಬನ್ನಿ, ಮಂಚದ ಮೇಲೆ ಕೂರಬೇಡಿ. ಒಳಗೆ ಹೋಗುವಾಗ, ಹೊರಗೆ ಬರುವಾಗ ಕೈಗೆ ಸ್ಯಾನಿಟೈಸರ್ ಹಾಕಿಕೊಂಡು 20ರಿಂದ 30 ಸೆಕೆಂಡು ಉಜ್ಜಿ. ಶೀತ, ಜ್ವರ, ಕಜ್ಜಿ, ಹುಣ್ಣು ಇದ್ದವರು ಫೋನಿನಲ್ಲೇ ವಿಚಾರಿಸಿಕೊಳ್ಳಿ. ಪಟ್ಟಿ ಎತ್ತಿ ಗಾಯ ಹೇಗಿದೆಯೆಂದು ನೋಡುವ ಕುತೂಹಲವನ್ನು ಯಾರೂ ತೋರಿಸಬಾರದು.

ಡಿಸ್ಚಾರ್ಜ್ ಆಗುವ ಮುಂಚೆ ಈ ಆರು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ:

- ಪಟ್ಟಿ ಯಾವಾಗ ತೆಗೆಯಬೇಕು, ಯಾರು ತೆಗೆಯಬೇಕು?
- ಸ್ನಾನ ಯಾವ ದಿನದಿಂದ?
- ಹೊಲಿಗೆ ಕರಗುವಂಥದ್ದೋ, ಬಿಚ್ಚುವಂಥದ್ದೋ? ಬಿಚ್ಚುವುದಾದರೆ ಯಾವ ದಿನ?
- ಯಾವ ಮಾತ್ರೆ, ಎಷ್ಟು ದಿನ?
- ಭಾರ ಎತ್ತುವುದು, ಬೈಕು, ತೋಟದ ಕೆಲಸ ಎಷ್ಟು ದಿನ ಬೇಡ?
- ರಾತ್ರಿ ಗಾಯ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು?

ಮನೆಗೆ ಬಂದ ಮೇಲೆ

ರೋಗಿ ಮಲಗುವ ಕೋಣೆ ಕೊಟ್ಟಿಗೆಯಿಂದಲೂ ಬಚ್ಚಲ ಒಲೆಯ ಹೊಗೆಯಿಂದಲೂ ದೂರವಿರಲಿ. ಗಾಳಿ ಬೆಳಕು ಬರಲಿ. ಹಾಸಿಗೆ, ಹೊದಿಕೆ ಒಗೆದದ್ದಾಗಿರಲಿ. ಮಳೆಗಾಲದಲ್ಲಿ ಬಟ್ಟೆ ಒಣಗಿದಂತೆ ಕಂಡರೂ ತಂಪು ಉಳಿದಿರುತ್ತದೆ. ಒಲೆಯ ಮೇಲೆ ಕಟ್ಟಿ ಒಣಗಿಸಿದ್ದಕ್ಕೆ ಹೊಗೆ, ಮಸಿ ಹತ್ತಿರುತ್ತದೆ. ಗಾಯಕ್ಕೆ ತಾಗುವ ಬಟ್ಟೆಯನ್ನು ಇಸ್ತ್ರಿ ಮಾಡಿ ಉಡಿಸಿ. ನಾಯಿ, ಬೆಕ್ಕು ಹಾಸಿಗೆ ಹತ್ತದಿರಲಿ.

ಗಾಯ ನೋಡುವ ಕೆಲಸ ಮನೆಯಲ್ಲಿ ಒಬ್ಬರದೇ ಆಗಿರಲಿ. ಅವರು ಆ ಹೊತ್ತಿನಲ್ಲಿ ಸಗಣಿ, ಗೊಬ್ಬರ, ಹಸಿ ಮೀನು ಮುಟ್ಟಿ ಬಂದವರಾಗಿರಬಾರದು. ಮೊದಲ 48 ಗಂಟೆ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಕಟ್ಟಿದ ಪಟ್ಟಿಯನ್ನೇ ಉಳಿಸಬೇಕು. ಅಷ್ಟರೊಳಗೆ ಗಾಯದ ಅಂಚುಗಳು ಮೇಲ್ಪದರದಲ್ಲಿ ಕೂಡಿಕೊಂಡಿರುತ್ತವೆ. ಪಟ್ಟಿ ಒದ್ದೆಯಾದರೆ, ಸಡಿಲವಾದರೆ ಮಾತ್ರ ಬದಲಿಸಬೇಕು. ವೈದ್ಯರು ಮನೆಯಲ್ಲೇ ಪಟ್ಟಿ ಬದಲಿಸಲು ಹೇಳಿದ್ದರೆ ಕ್ರಮ ಹೀಗಿರಲಿ:

1. ಬೇಕಾದ್ದನ್ನೆಲ್ಲ ಮೊದಲೇ ಹತ್ತಿರ ಇಟ್ಟುಕೊಳ್ಳಿ: ಮುಚ್ಚಿದ ಪ್ಯಾಕೆಟ್ಟಿನ ಶುದ್ಧ ಗಾಜ್ ಬಟ್ಟೆ, ಅಂಟುಪಟ್ಟಿ, ಹೇಳಿದ್ದರೆ ಸಲೈನ್, ಹಳೆಯದನ್ನು ಹಾಕಲು ಪ್ಲಾಸ್ಟಿಕ್ ಚೀಲ.
2. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 40ರಿಂದ 60 ಸೆಕೆಂಡು ಕೈ ತೊಳೆಯಿರಿ. ಉಗುರಿನ ಸಂದಿ, ಹೆಬ್ಬೆರಳು, ಬೆರಳಿನ ನಡುವೆ ಉಜ್ಜಿ.
3. ಹಳೆಯ ಪಟ್ಟಿಯನ್ನು ನಿಧಾನ ತೆಗೆದು ಚೀಲಕ್ಕೆ ಹಾಕಿ. ಮತ್ತೊಮ್ಮೆ ಕೈ ತೊಳೆಯಿರಿ.
4. ಗಾಯವನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಬೇಡಿ, ಒತ್ತಬೇಡಿ.
5. ಹೊಸ ಬಟ್ಟೆಯ ಅಂಚನ್ನಷ್ಟೇ ಹಿಡಿದು, ನಡುವಿನ ಭಾಗ ಕೈಗೆ ತಾಗದಂತೆ ಗಾಯದ ಮೇಲಿಟ್ಟು ಅಂಟಿಸಿ.
6. ಕೊನೆಗೆ ಇನ್ನೊಮ್ಮೆ ಕೈ ತೊಳೆಯಿರಿ.

ಇದು ಕೈಗೂಡದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಡ್ರೆಸ್ಸಿಂಗ್ ಮಾಡಿಸಿಕೊಳ್ಳಿ. ಆಪರೇಷನ್ ಹುಬ್ಬಳ್ಳಿಯಲ್ಲೇ ಆಗಿರಲಿ, ಮಣಿಪಾಲದಲ್ಲೇ ಆಗಿರಲಿ, ಡಿಸ್ಚಾರ್ಜ್ ಚೀಟಿ ತೋರಿಸಿದರೆ ಪಟ್ಟಿ ಬದಲಿಸುವಂಥ ಕೆಲಸ ಊರ ಹತ್ತಿರದಲ್ಲೇ ಆಗುತ್ತದೆ. ಪ್ರತಿ ಸಲ ಘಟ್ಟ ಇಳಿಯಬೇಕಾಗಿಲ್ಲ.

*ಸ್ನಾನ.* ವೈದ್ಯರು ಬೇರೆ ಹೇಳದಿದ್ದರೆ 48 ಗಂಟೆಯ ನಂತರ ಮೈಮೇಲೆ ನೀರು ಹಾಕಿಕೊಂಡು ಸ್ನಾನ ಮಾಡಬಹುದು. ಹಂಡೆಯ ಬಿಸಿ ನೀರನ್ನು ಬೆಚ್ಚಗಾಗುವಂತೆ ಬೆರೆಸಿ, ಗಾಯದ ಮೇಲೆ ನೇರ ಸುರಿಯದೆ ಹರಿದು ಹೋಗುವಂತೆ ಹಾಕಿ. ಉಜ್ಜಬೇಡಿ. ಒಗೆದ ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿ. ಹೊಳೆ, ಕೆರೆ, ಹಳ್ಳದ ನೀರಿಗೆ ಇಳಿಯುವುದು ಗಾಯ ಪೂರ್ತಿ ಮಾಯುವ ತನಕ ಬೇಡ.

*ಕೆಸರು, ತೋಟ, ಕೊಟ್ಟಿಗೆ.* ಸಗಣಿ ಮಣ್ಣಿನಲ್ಲಿ ಧನುರ್ವಾಯುವಿನ ಬೀಜಾಣುಗಳಿರುತ್ತವೆ. ಇಲಿಯ ಮೂತ್ರ ಬೆರೆತ ನಿಂತ ನೀರಿನಿಂದ ಇಲಿಜ್ವರ ಗಾಯದ ಮೂಲಕ ಮೈಗೇರುತ್ತದೆ. ಕರಾವಳಿ ಕರ್ನಾಟಕದ ಆಸ್ಪತ್ರೆಗಳಲ್ಲಿ ಮಳೆಗಾಲದಲ್ಲಿ ಕಾಣಸಿಗುವ ಮೆಲಿಯಾಯ್ಡೋಸಿಸ್ ಎಂಬ ಮಾರಕ ಸೋಂಕೂ ಮಣ್ಣು, ನೀರಿನಿಂದಲೇ ಬರುವಂಥದ್ದು, ಸಕ್ಕರೆ ಕಾಯಿಲೆಯವರನ್ನು ಹೆಚ್ಚಾಗಿ ಹಿಡಿಯುವಂಥದ್ದು. ಹೊಲಿಗೆ ಹಸಿಯಾಗಿರುವಾಗ ಕೊಟ್ಟಿಗೆ ತೊಳೆಯುವುದು, ಗೊಬ್ಬರ ಹೊರುವುದು, ತೋಟದ ಕಪ್ಪಿನಲ್ಲಿ ಇಳಿಯುವುದು ಯಾವ ಕಾರಣಕ್ಕೂ ಬೇಡ. ಕೆಲಸಕ್ಕೆ ಆಳು ಸಾಲದ ಕಾಲ, ನಿಜ. ನೆಂಟರನ್ನೋ ನೆರೆಯವರನ್ನೋ ಮೊದಲೇ ಕೇಳಿಕೊಳ್ಳಬೇಕಾದದ್ದು ಈ ಕಾರಣಕ್ಕಾಗಿಯೇ.

ಏನೂ ಹಚ್ಚಬೇಡಿ

ಅರಿಸಿನ, ಕೊಬ್ಬರಿ ಎಣ್ಣೆ, ಜೇನು, ಸುಣ್ಣ, ಕಾಫಿಪುಡಿ, ಬೂದಿ. ಪೆಟ್ಟಾದರೆ ಕೈ ತಾನಾಗಿ ಹೋಗುವ ವಸ್ತುಗಳಿವು. ಅರಿಸಿನಕ್ಕೆ ರೋಗಾಣು ತಡೆಯುವ ಗುಣ ಇರುವುದು ಸುಳ್ಳಲ್ಲ. ಆದರೆ ಅಡುಗೆಮನೆಯ ಡಬ್ಬಿಯ ಅರಿಸಿನ ಪುಡಿ ಶುದ್ಧೀಕರಿಸಿದ್ದಲ್ಲ, ದಿನಾ ಚಮಚ ಅದ್ದಿದ್ದು, ಮಣ್ಣಿನ ಬೀಜಾಣುಗಳು ಉಳಿದಿರಬಹುದಾದದ್ದು. ಅದಕ್ಕಿಂತ ಮುಖ್ಯ, ಹೊಲಿದ ಗಾಯ ಬಿದ್ದು ತರಚಿದ ಗಾಯದಂತಲ್ಲ, ಅದರ ಕೆಳಗೆ ಹೊಟ್ಟೆಯ ಗೋಡೆ ಇದೆ, ಮೂಳೆ ಇದೆ. ಹಳದಿ ಬಣ್ಣ ಮೆತ್ತಿದರೆ ಕೆಂಪಾಗಿದೆಯೋ ಇಲ್ಲವೋ ಎಂದು ನೋಡುವ ದಾರಿಯೂ ಮುಚ್ಚುತ್ತದೆ.

ಔಷಧದಂಗಡಿಯ ಆಂಟಿಬಯೋಟಿಕ್ ಪೌಡರನ್ನು ಹೇಳದೆ ಸುರಿಯುವುದೂ ಬೇಡ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ದಿನಾ ಹಾಕಿದರೆ ಹೊಸದಾಗಿ ಹುಟ್ಟುವ ಜೀವಕೋಶಗಳೇ ಸುಡುತ್ತವೆ. ಒಣಗಿದ, ಶುದ್ಧವಾದ, ಮುಟ್ಟದೆ ಬಿಟ್ಟ ಗಾಯ ತಾನೇ ಮಾಯುತ್ತದೆ.

ಊಟ: ನಂಜಿನ ಭಯ ಬಿಡಿ

ಹೊಲಿಗೆ ಹಾಕಿದ್ದಾರೆ ಎಂದೊಡನೆ ಬದನೆ ನಂಜು, ಮೀನು ನಂಜು, ಮೊಟ್ಟೆ ನಂಜು, ಕಡಲೆ ನಂಜು ಎಂದು ಪಟ್ಟಿ ಬೆಳೆಯುತ್ತದೆ. ಕೊನೆಗೆ ರೋಗಿಗೆ ಉಳಿಯುವುದು ಗಂಜಿ, ಉಪ್ಪಿನಕಾಯಿ. ಬಾಣಂತಿಯರ ಪಾಡು ಇನ್ನೂ ಕಷ್ಟ. ಆದರೆ ಗಾಯ ಕೂಡಲು ಬೇಕಾದ ಮುಖ್ಯ ಸಾಮಗ್ರಿಯೇ ಪ್ರೋಟೀನ್. ಅದನ್ನು ನಿಲ್ಲಿಸಿದರೆ ಹೊಲಿಗೆಯ ದಾರ ಬಿಗಿಯಾಗಿದ್ದರೂ ಮಾಂಸ ಕೂಡುವುದಿಲ್ಲ. ಈ ಪದಾರ್ಥಗಳಿಂದ ಕೀವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮೊದಲಿನಿಂದ ಅಲರ್ಜಿ ಇರುವ ಪದಾರ್ಥವೊಂದನ್ನು ಬಿಟ್ಟರೆ ಸಾಕು.

ಸಸ್ಯಾಹಾರಿಗಳಿಗೆ ಹೆಸರು, ತೊಗರಿ, ಕಡಲೆ, ಶೇಂಗಾ, ಹಾಲು, ಮೊಸರು. ತಿನ್ನುವವರಿಗೆ ಮೊಟ್ಟೆ, ಮೀನು, ಕೋಳಿ. ಜೊತೆಗೆ ಸಿ ಜೀವಸತ್ವಕ್ಕೆ ನೆಲ್ಲಿಕಾಯಿ, ಲಿಂಬೆ, ಪೇರಲೆ. ಹಸಿರು ಸೊಪ್ಪಿನ ತಂಬುಳಿ, ಬಸಳೆ, ಹರಿವೆ ಎಲ್ಲವೂ ಒಳ್ಳೆಯದೇ. ನೀರು ಸಾಕಷ್ಟು ಕುಡಿಯಿರಿ, ಮಲಬದ್ಧತೆಯಾಗಿ ತಿಣುಕಿದರೆ ಹೊಟ್ಟೆಯ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಅವಚಿ ಹಿಡಿದು ಕೆಮ್ಮಿ. ಸಕ್ಕರೆ ಕಾಯಿಲೆಯವರು ಮನೆಯಲ್ಲೂ ಸಕ್ಕರೆ ಪರೀಕ್ಷಿಸುತ್ತಿರಬೇಕು. ಬಲ ಬರಲೆಂದು ಬೆಲ್ಲದ ಲೇಹ್ಯ, ಸಿಹಿ ಕಷಾಯ ಕೊಡಬೇಡಿ.

ಕೆಲವರಿಗೆ ಹೆಚ್ಚಿನ ಎಚ್ಚರ

*ಸಿಜೇರಿಯನ್ ಆದ ಬಾಣಂತಿ.* ಬಾಣಂತಿ ಕೋಣೆಯ ಕತ್ತಲೆ, ಹೊಗೆ, ಬೆವರು ಗಾಯಕ್ಕೆ ಆಗುವುದಿಲ್ಲ. ಎಣ್ಣೆ ಸ್ನಾನ, ಹೊಟ್ಟೆ ಬಿಗಿದು ಬಟ್ಟೆ ಕಟ್ಟುವುದು ವೈದ್ಯರನ್ನು ಕೇಳದೆ ಬೇಡ. ಹೊಟ್ಟೆಯ ಮಡಿಕೆಯ ಅಡಿ ಹೊಲಿಗೆ ಒದ್ದೆಯಾಗಿ ಉಳಿಯದಂತೆ ನೋಡಿಕೊಳ್ಳಿ. ಕೆಟ್ಟ ವಾಸನೆಯ ಸ್ರಾವ, ಕೆಳಹೊಟ್ಟೆ ನೋವು, ಜ್ವರ ಬಂದರೆ ಗರ್ಭಕೋಶದಲ್ಲೂ ಸೋಂಕಾಗಿರಬಹುದು. ಆಶಾ ಕಾರ್ಯಕರ್ತೆಯರು ಹೆರಿಗೆಯ ನಂತರ 42 ದಿನಗಳವರೆಗೆ ಮನೆಗೆ ಬರುತ್ತಾರೆ. ಮಗುವಿನ ತೂಕದ ಜೊತೆ ತಾಯಿಯ ಹೊಲಿಗೆಯನ್ನೂ ಅವರಿಗೆ ತೋರಿಸಿ, ಸಂಕೋಚ ಬೇಡ.

*ಮೂಳೆಗೆ ರಾಡು ಹಾಕಿದವರು.* ಅಡಿಕೆ ಮರದಿಂದ ಬಿದ್ದು ಕಾಲು, ಸೊಂಟ ಮುರಿದುಕೊಂಡ ಕೊನೆಗೌಡರು, ಬೈಕಿನಿಂದ ಬಿದ್ದವರು ನಮ್ಮಲ್ಲಿ ಅನೇಕ. ಲೋಹದ ಮೇಲೆ ರೋಗಾಣು ಒಮ್ಮೆ ಪದರ ಕಟ್ಟಿದರೆ ಔಷಧ ಅಲ್ಲಿಗೆ ತಲುಪುವುದು ಕಷ್ಟ. ಎರಡು ತಿಂಗಳ ನಂತರ ಸಣ್ಣ ರಂಧ್ರವಾಗಿ ನೀರು ಜಿನುಗಿದರೂ ಅಲಕ್ಷಿಸಬೇಡಿ.

*ಲ್ಯಾಪರೋಸ್ಕೋಪಿ ಆದವರು.* ಸಣ್ಣ ತೂತಿನ ಆಪರೇಷನ್ನಿನಲ್ಲಿ ಸೋಂಕು ಕಡಿಮೆ. ಆದರೆ ವಾರಗಟ್ಟಲೆ ಕಳೆದ ಮೇಲೆ ತೂತಿನ ಜಾಗದಲ್ಲಿ ಗಂಟಾಗಿ, ಒಡೆದು, ಸಾಮಾನ್ಯ ಆಂಟಿಬಯೋಟಿಕ್‌ಗೆ ಜಗ್ಗದಿದ್ದರೆ ಕ್ಷಯದ ಬಂಧುವಾದ ಬೇರೆ ಜಾತಿಯ ರೋಗಾಣು ಇರಬಹುದು. ಅದಕ್ಕೆ ಬೇರೆಯೇ ಪರೀಕ್ಷೆ, ತಿಂಗಳುಗಟ್ಟಲೆ ಚಿಕಿತ್ಸೆ ಬೇಕು.

*ಕಣ್ಣಿನ ಪೊರೆ ತೆಗೆಸಿದವರು.* ಕಣ್ಣಿಗೆ ನೀರು, ಹೊಗೆ, ಧೂಳು ತಾಗದಿರಲಿ. ಹನಿ ಹಾಕುವಾಗ ಬಾಟಲಿಯ ತುದಿ ಕಣ್ಣಿಗೆ ಮುಟ್ಟದಿರಲಿ. ನೋವು ಹೆಚ್ಚಿದರೆ, ಕೆಂಪೇರಿದರೆ, ದೃಷ್ಟಿ ಮಬ್ಬಾದರೆ ಮರುದಿನಕ್ಕೆ ಕಾಯದೆ ಆ ದಿನವೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಯಾವುದು ಸಹಜ, ಯಾವುದು ಅಪಾಯ?

ಮೊದಲ ಎರಡು ದಿನ ಹೊಲಿಗೆಯಂಚು ತುಸು ಕೆಂಪಾಗಿರುವುದು, ಸ್ವಲ್ಪ ತಿಳಿ ದ್ರವ ಜಿನುಗುವುದು, ಆಮೇಲೆ ತುರಿಕೆ ಆಗುವುದು ಸಹಜ. ದಿನದಿಂದ ದಿನಕ್ಕೆ ನೋವು ಇಳಿಯುತ್ತಿರಬೇಕು. ಇಳಿದ ನೋವು ಮತ್ತೆ ಏರಿದರೆ ಅದೇ ಮೊದಲ ಎಚ್ಚರಿಕೆ.

ಅದೇ ದಿನ ವೈದ್ಯರಿಗೆ ತೋರಿಸಬೇಕಾದವು:

- ಗಾಯದ ಸುತ್ತ ಕೆಂಪು ಹರಡುತ್ತಿರುವುದು, ಮುಟ್ಟಿದರೆ ಬಿಸಿ, ಊತ
- ಹಳದಿ, ಹಸಿರು ಕೀವು ಅಥವಾ ಕೆಟ್ಟ ವಾಸನೆ
- 100.4 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚಿನ ಜ್ವರ, ಚಳಿ
- ಹೊಲಿಗೆ ಬಿಟ್ಟುಕೊಳ್ಳುವುದು, ಒಮ್ಮೆಲೇ ಹೆಚ್ಚು ದ್ರವ ಹರಿಯುವುದು

ತಡಮಾಡದೆ 108 ಕರೆಯಬೇಕಾದವು:

- ಗಾಯದ ಸುತ್ತಲ ಚರ್ಮ ಗಂಟೆಗಂಟೆಗೆ ನೀಲಿ, ಕಪ್ಪಾಗುವುದು, ಗುಳ್ಳೆ ಏಳುವುದು, ತಡೆಯಲಾಗದ ನೋವು
- ಮಂಕು, ಗೊಂದಲದ ಮಾತು, ವೇಗದ ಉಸಿರು, ಮೂತ್ರ ಕಡಿಮೆಯಾಗುವುದು
- ಹೊಟ್ಟೆಯ ಹೊಲಿಗೆ ಬಿಟ್ಟು ಒಳಗಿನ ಕರುಳು ಕಾಣುವುದು

ಕರುಳು ಕಂಡರೆ ಒಳಗೆ ತಳ್ಳಬೇಡಿ. ಸಲೈನ್ ಅಥವಾ ಕುದಿಸಿ ಆರಿಸಿದ ನೀರಿನಲ್ಲಿ ಒದ್ದೆ ಮಾಡಿದ ಶುದ್ಧ ಬಟ್ಟೆ ಮುಚ್ಚಿ, ಮೊಣಕಾಲು ಮಡಿಸಿ ಮಲಗಿಸಿ, ತಿನ್ನಲು ಕುಡಿಯಲು ಏನೂ ಕೊಡದೆ ಕರೆದೊಯ್ಯಿರಿ.

ಕೀವಾದಾಗ ಔಷಧದಂಗಡಿಗೆ ಹೋಗಿ ಗಟ್ಟಿ ಮಾತ್ರೆ ಕೇಳುವುದು ದೊಡ್ಡ ತಪ್ಪು. ಎಷ್ಟೋ ರೋಗಾಣುಗಳು ಈಗ ಸಾಮಾನ್ಯ ಆಂಟಿಬಯೋಟಿಕ್‌ಗಳಿಗೆ ಬಗ್ಗುವುದಿಲ್ಲ. ಮಾತ್ರೆ ನುಂಗುವ ಮೊದಲೇ ಕೀವನ್ನು ಕಲ್ಚರ್ ಪರೀಕ್ಷೆಗೆ ಕೊಟ್ಟರೆ ಯಾವ ಔಷಧ ಕೆಲಸ ಮಾಡುತ್ತದೆಂದು ತಿಳಿಯುತ್ತದೆ. ಒಳಗೆ ಕೀವು ಕಟ್ಟಿದ್ದರೆ ಮಾತ್ರೆಯೊಂದರಿಂದಲೇ ವಾಸಿಯಾಗುವುದಿಲ್ಲ, ಒಂದೆರಡು ಹೊಲಿಗೆ ಬಿಚ್ಚಿ ಹೊರಬಿಡಬೇಕಾಗುತ್ತದೆ.

ದಾರಿ, ಮಳೆ, ಸಿಗ್ನಲ್ಲು

2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು. ಅದೇ ಮಳೆಯಲ್ಲಿ ಅರಬೈಲ್ ಘಟ್ಟದಲ್ಲೂ ಮಣ್ಣು ಜರಿದು ಅಂಕೋಲೆಯ ದಾರಿ ಕಡಿದುಹೋಯಿತು. ಅಂಥ ದಿನ ಯಾರದೋ ಗಾಯ ಕೀವಾಗಿ ಜ್ವರ ಏರಿದ್ದರೆ? ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು. ಮಳೆಗಾಲದಲ್ಲಿ ಆಪರೇಷನ್ ಆದರೆ, ಕಾಡಿನ ನಡುವಿನ ಸಿದ್ದಿ, ಗೌಳಿ, ಕುಣಬಿ ಕೇರಿಗಳಲ್ಲಿ ಅಥವಾ ಒಂಟಿ ಮನೆಗಳಲ್ಲಿ ವಾಸವಿದ್ದರೆ, ಮೊದಲ ಹತ್ತು ದಿನ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಉಳಿಯಲು ಸಾಧ್ಯವೇ ನೋಡಿ. ಆಗದಿದ್ದರೆ ರಾತ್ರಿ ಬರಬಲ್ಲ ವಾಹನದವರ ನಂಬರನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ.

ಗಾಯದ ಫೋಟೊವನ್ನು ದಿನಕ್ಕೊಮ್ಮೆ ಹಗಲು ಬೆಳಕಿನಲ್ಲಿ ಒಂದೇ ದೂರದಿಂದ ತೆಗೆಯಿರಿ. ನಿನ್ನೆಯದಕ್ಕೂ ಇಂದಿನದಕ್ಕೂ ಹೋಲಿಸಿದರೆ ಬದಲಾವಣೆ ತಿಳಿಯುತ್ತದೆ. ಕೆಂಪು ಕಂಡರೆ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆದಿಡಿ. ಗೆರೆ ದಾಟಿ ಹರಡಿದರೆ ಕಾಯಬೇಡಿ. ಸಿಗ್ನಲ್ ಸಿಗುವ ದಿಬ್ಬಕ್ಕೆ ಯಾರಾದರೂ ಹೋಗಿ ಆ ಫೋಟೊವನ್ನು ವೈದ್ಯರಿಗೆ ಕಳಿಸಬಹುದು. 104 ಆರೋಗ್ಯ ಸಹಾಯವಾಣಿಯಲ್ಲೂ ಸಲಹೆ ಕೇಳಬಹುದು.

ಆಸ್ಪತ್ರೆಗಳೂ ಮಾಡಬೇಕಾದದ್ದು

ಎಲ್ಲ ಹೊಣೆಯನ್ನೂ ರೋಗಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಉತ್ತರ ಕನ್ನಡಕ್ಕೆ ಸುಸಜ್ಜಿತ ಬಹುವಿಭಾಗ ಆಸ್ಪತ್ರೆ ಬೇಕೆಂಬ ಕೂಗು ಬಹಳ ಕಾಲದ್ದು, ಅದು ಸಕಾರಣವಾದದ್ದು. ಆ ಕಟ್ಟಡ ಏಳುವ ತನಕವೂ ಕಾಯಬೇಕಾಗಿಲ್ಲದ, ಹೆಚ್ಚು ಹಣ ಬೇಡದ ಕೆಲಸಗಳಿವೆ. ಸರಕಾರಿಯಾಗಲಿ ಖಾಸಗಿಯಾಗಲಿ ಪ್ರತಿ ಆಸ್ಪತ್ರೆಯೂ ಡಿಸ್ಚಾರ್ಜ್ ಚೀಟಿಯ ಜೊತೆ ಗಾಯದ ಆರೈಕೆಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಕೊಡಬಹುದು. ಆಪರೇಷನ್ ಆದವರ ಹೆಸರನ್ನು ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬಹುದು. ಏಳನೆಯ ದಿನ ಒಮ್ಮೆ, ಮೂವತ್ತನೆಯ ದಿನ ಒಮ್ಮೆ ಫೋನ್ ಮಾಡಿ ಜ್ವರ ಬಂತೇ, ಕೀವಾಯಿತೇ, ಹೊಲಿಗೆ ಕೂಡಿತೇ ಎಂದು ಕೇಳಬಹುದು. ಮಣಿಪಾಲ, ದೆಹಲಿ, ಮುಂಬಯಿಯ ದೊಡ್ಡ ಆಸ್ಪತ್ರೆಗಳಿಗೇ ತಮ್ಮ ರೋಗಿಗಳ ಸೋಂಕಿನ ಬಹುಪಾಲು ತಿಳಿದದ್ದು ಹೀಗೆ ವಿಚಾರಿಸಿದಾಗ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಬ್ಬ ನರ್ಸು, ಒಂದು ಫೋನು, ಒಂದು ರಿಜಿಸ್ಟರು ಇದ್ದರೆ ಈ ಕೆಲಸ ನಾಳೆಯೇ ಶುರುವಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನ ತಮ್ಮ ಆಸ್ಪತ್ರೆಗಳ ಮುಂದೆ ಇಡಬೇಕಾದ ಮೊದಲ ಬೇಡಿಕೆ ಇದೇ ಆಗಲಿ.